ಅತ್ತಿಯ ಮೊಲದ ಹದಿನೆಂಟು ಉಗುರು

೧೯೬೪ರ ಚಳಿಗಾಲದ ಒಂದು ಸೋಮವಾರ ಇಚಲಕರಂಜಿಯ ನಮ್ಮ ಮನೆಯಲ್ಲಿ ಒಂದು ಮೊಲದ ಹದಿನೆಂಟು ಉಗುರು ತೆಗೆದರು. ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು. ನೀವು ಮೊಲ ಸಾಕಿದ್ದರೆ ಈ ಲೆಕ್ಕ ಗೊತ್ತಿರುತ್ತದೆ. ನನಗೆ ನೆನಪಾದದ್ದು ಮೊನ್ನೆ, ಮೊಮ್ಮಗಳು ತನ್ನ ಮೊಲವನ್ನೂ ಒಂದು ಕತ್ತರಿಯನ್ನೂ ತಂದು ಮುಂದಿಟ್ಟಾಗ.

ಆಗಿನ ಮೊಲ ನಮ್ಮ ಅತ್ತಿಯದು. ಅತ್ತಿ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಗಡಹಿಂಗ್ಲಜ ಕಡೆಯ ಮಹಾಗಾಂವದ ಮನೆಗೆ ಬೀಗ ಹಾಕಿ, ಅಪ್ಪನ ಒತ್ತಾಯಕ್ಕೆ ನಮ್ಮಲ್ಲಿಗೆ ಬಂದಿದ್ದಳು. ಓಣಿಯವರದು ಮರಾಠಿ, ಅವಳದು ಕನ್ನಡ. ನಮಗೆ ಕನ್ನಡ ಬರುತ್ತಿತ್ತು, ನಿಜ. ಆದರೆ ಮುಂದಿನ ಕೋಣೆಯ ಎರಡು ವಿದ್ಯುತ್ ಮಗ್ಗಗಳ ಸದ್ದಿನಲ್ಲಿ ಯಾರೂ ಯಾವ ಭಾಷೆಯನ್ನೂ ಆಡುತ್ತಿರಲಿಲ್ಲ. ಹೀಗಾಗಿ ಅತ್ತಿ ಹಿತ್ತಲಲ್ಲಿ ಕೂತು ಮೊಲದ ಜೊತೆ ಮಾತಾಡುತ್ತಿದ್ದಳು. ಕೇಳಲು ಅದಕ್ಕೆ ಕಿವಿಯಂತೂ ಇದ್ದವು.

ಉಗುರು ಬೆಳೆದ ಮೊಲ ಮಗ್ಗದ ಹಾಸುನೂಲಿನ ಮೇಲೆ ಎರಡು ಸಲ ಓಡಿತು. ಹರಿದ ಎಳೆಗಳಿಗೆ ಗಂಟು ಹಾಕುವುದರಲ್ಲಿ ಅಪ್ಪನ ಎರಡು ದಿನ ಹೋದವು.

"ಅಕ್ಕಾ, ಅದರ ಉಗುರು ಹೋಗಬೇಕು, ಇಲ್ಲಂದ್ರ ಅದೇ ಹೋಗಬೇಕು" ಅಂದ.

"ಅದು ಹೋದ್ರ ನಾನೂ ಹೋಗಾಕಿ" ಅಂದಳು ಅತ್ತಿ.

ರವಿವಾರ ಗಂಡಸರ ಕ್ಷೌರಕ್ಕೆ ಪಾಂಡುರಂಗ ಮನೆಗೆ ಬರುತ್ತಿದ್ದ. ಅವನನ್ನು ಕೇಳಲು ಅತ್ತಿ ಮೂರು ಶಬ್ದದ ಮರಾಠಿ ಕೂಡಿಸಿಟ್ಟಿದ್ದಳು. ಮರಾಠಿಯಲ್ಲಿ ಉಗುರಿಗೆ ನಖ, ಮೂಗಿಗೆ ನಾಕ. ಅತ್ತಿ ಮೊಲವನ್ನು ಮುಂದೆ ಹಿಡಿದು "ಹ್ಯಾಚಂ ನಾಕ ಕಾಪಾ" ಅಂದಳು. ಇದರ ಮೂಗು ಕೊಯ್ಯಿರಿ.

ಪಾಂಡುರಂಗ ಕತ್ತಿ ಮಡಿಚಿದ. "ಮಾವಶಿ, ತ್ಯಾಚಾ ಗುನ್ಹಾ ಕಾಯ?"

ಇದರ ಗುನ್ಹೆ ಏನು ಎಂದು ಕೇಳಿದ್ದು ಅತ್ತಿಗೂ ತಿಳಿಯಿತು. ನೂಲು ಹರಿಯುವುದನ್ನು ಕೈಸನ್ನೆಯಲ್ಲಿ ತೋರಿಸಿದಳು. ಅವನು ಅರ್ಧ ಗಡ್ಡ ಹೋಗಿದ್ದ ಅಪ್ಪನ ಕಡೆ ತಿರುಗಿ, ನೂಲಿಗಾಗಿ ಇಷ್ಟು ದೊಡ್ಡ ಶಿಕ್ಷೆ ಬೇಡ, ಮೂಕ ಪ್ರಾಣಿ, ಮಾಫ್ ಮಾಡಿ ಎಂದು ಬೇಡಿಕೊಂಡ. ಅಪ್ಪ ನಕ್ಕು, ಅಕ್ಕ ಹೇಳಹೊರಟದ್ದು ನಖ ಎಂದು ತಿದ್ದಿದ. ನಾನೂ ನಕ್ಕೆ. ಅತ್ತಿ ಮೊಲ ಎತ್ತಿಕೊಂಡು ಹಿತ್ತಲಿಗೆ ಹೋಗಿಬಿಟ್ಟಳು. ಸಂಜೆ ನಲ್ಲಿಯ ಹತ್ತಿರ, ಸುದ್ದಿ ಕೇಳಿದ್ದ ಹೆಂಗಸರು ತಮ್ಮದನ್ನೂ ಕೊಯ್ಸಿಯಾಳೆಂಬಂತೆ ಮೂಗು ಮುಚ್ಚಿಕೊಂಡು ಅತ್ತಿಗೆ ದಾರಿ ಬಿಟ್ಟರು.

ಅತ್ತಿ ಬಟ್ಟೆ ಗಂಟು ಕಟ್ಟಿದಳು. ಮೊಲಕ್ಕೆ ಬುಟ್ಟಿ ಹುಡುಕಿದಳು. ಅಪ್ಪ ತಡೆಯಲು ಹೋದ.

"ಇಷ್ಟ ದಿನಾ ಯಾರೂ ಮಾತಾಡಸ್ತಿರಲಿಲ್ಲ, ಈಗ ನಗತಾರ. ನಾಳಿ ಮಹಾಗಾಂವದ ಮೋಟಾರಿಗೆ ಕೂಡಸು" ಅಂದಳು.

ಸೋಮವಾರ ಕ್ಷೌರಿಕರಿಗೆ ರಜೆ. ಆದರೂ ಪಾಂಡುರಂಗ ಉಗುರು ತೆಗೆಯುವ ಸಣ್ಣ ಉಳಿ ಹಿಡಿದು ಬಂದ. ಉಗುರಿಗೆ ಕನ್ನಡದಲ್ಲಿ ಏನನ್ನುತ್ತಾರೆಂದು ಮಗ್ಗದ ಆಳನ್ನು ಕೇಳಿಕೊಂಡು ನೇರ ಹಿತ್ತಲಿಗೆ ಹೋದ. ಅತ್ತಿಯ ಮುಂದೆ ಕೂತು, ಗಂಭೀರವಾಗಿ, "ಅಕ್ಕಾ, ಮೂಗು ತಗೀತೇನಿ" ಅಂದ. ಆಳು ತಪ್ಪು ಕಲಿಸಿದ್ದನೋ, ಇವನೇ ಬೇಕಂತ ಅಂದನೋ, ಖಚಿತ ಮಾಹಿತಿ ಇಲ್ಲ.

ಅತ್ತಿ ಅವನನ್ನೇ ನೋಡಿದಳು. "ತಗೀರಿ. ಆದ್ರ ಮೊದಲ ಉಗುರು."

ಮೊಲವನ್ನು ಹಳೆಯ ಸೀರೆಯಲ್ಲಿ ಸುತ್ತಿ ಒಂದೊಂದೇ ಕಾಲು ಹೊರಗೆ ಕೊಟ್ಟಳು. ಬಿಸಿಲಿಗೆ ಹಿಡಿದರೆ ಉಗುರಿನೊಳಗೆ ಕೆಂಪು ಗೆರೆ ಕಾಣುತ್ತದೆ. ಅದಕ್ಕೆ ತಾಗದಂತೆ ತುದಿಯಷ್ಟೇ ತೆಗೆಯಬೇಕು. ರಕ್ತ ಬರಲಿಲ್ಲ. ಪ್ರತಿ ಉಗುರಿಗೂ ಅವನು ನಖ ಅಂದ, ಅವಳು ಉಗುರು ಅಂದಳು. ಕೊನೆಯ ಕಾಲಿಗೆ ಬರುವಷ್ಟರಲ್ಲಿ ಅವನು ಉಗುರು ಅನ್ನುತ್ತಿದ್ದ, ಅವಳು ನಖ.

ಗಂಟು ಬಿಚ್ಚಿದಳು. ಮಹಾಗಾಂವದ ಮನೆಯನ್ನು ಯಾರಿಗಾದರೂ ಬಾಡಿಗೆಗೆ ಕೊಡು ಎಂದು ಯುಗಾದಿಯ ದಿನ ಅಪ್ಪನಿಗೆ ಹೇಳಿದಳು. ಮೊಲ ಇನ್ನೂ ಮೂರು ವರ್ಷ ಬದುಕಿತು. ಅತ್ತಿ ಕೊನೆಯವರೆಗೂ ನಮ್ಮಲ್ಲೇ ಇದ್ದಳು.

ಮೊನ್ನೆ ಮೊಮ್ಮಗಳ ಮೊಲದ ಉಗುರು ನಾನೇ ತೆಗೆದೆ. ಹಿಡಿದುಕೊಂಡವಳು ಅವಳು. ಅವಳಿಗೆ ಕನ್ನಡ ಬರುವುದಿಲ್ಲ. ಮೊಲಕ್ಕೆ ಅವಳು ಧೈರ್ಯ ಹೇಳಿದ್ದು ಮರಾಠಿಯಲ್ಲಿ.