ಮರಿಗೊಂದು ಬಾಗಿಲು

ಹತ್ತನೆಯ ತರಗತಿಗೆ ಭೂಗೋಳ ಕಲಿಸಿ ನಿವೃತ್ತನಾದವನು ನಾನು. ಪ್ರಪಂಚದ ನಕಾಶೆಯನ್ನು ಕಣ್ಣುಮುಚ್ಚಿ ಬಿಡಿಸಬಲ್ಲೆ ಎಂಬ ಜಂಬ ಇನ್ನೂ ಪೂರ್ತಿ ಇಳಿದಿಲ್ಲ. ಅಂಥ ನನಗೆ, ಒಂದು ಬೆಕ್ಕು ಮತ್ತು ಅದರ ಮೂರು ಮರಿಗಳ ಚಿತ್ರವಿರುವ ತೆಳ್ಳನೆಯ ಪುಸ್ತಕವನ್ನು ಓದಲು ಬರುವುದಿಲ್ಲವೆಂದು ಈ ಬೇಸಿಗೆಯಲ್ಲಿ ಗೊತ್ತಾಯಿತು. ಗೊತ್ತು ಮಾಡಿಕೊಟ್ಟವಳು ನನ್ನ ಮೊಮ್ಮಗಳು ಚಿನ್ನು. ವಯಸ್ಸು ನಾಲ್ಕು.

ಮಗಳು ಗಿರಿಜಾ ಎರಡನೆಯ ಹೆರಿಗೆಗೆಂದು ಅಣ್ಣಿಗೇರಿಗೆ, ನಮ್ಮ ಮನೆಗೆ ಬಂದಿದ್ದಳು. ಗಂಡುಮಗುವಾಯಿತು. ಬಾಣಂತನದ ಮನೆಯಲ್ಲಿ ಗಂಡಸಿನ ಸ್ಥಾನಮಾನ ಏನೆಂದು ನಿಮಗೂ ಗೊತ್ತಿದ್ದೀತು: ಕಟ್ಟಿಗೆ ತಂದು ಹಾಕಬೇಕು, ಆಮೇಲೆ ಕಣ್ಣಿಗೆ ಬೀಳಬಾರದು. ಬಿಸಿಲಿಗೆ ಊರೆಲ್ಲ ಅಂಗಿ ಬಿಚ್ಚಿ ಕೂತಿದ್ದರೆ ನಮ್ಮ ಮನೆಯಲ್ಲಿ ಹಂಡೆಗಟ್ಟಲೆ ನೀರು ಕುದಿಯುತ್ತಿತ್ತು. ಗಿರಿಜಾ ತಲೆಗೆ ಬಟ್ಟೆ ಸುತ್ತಿ, ಕಿವಿಗೆ ಹತ್ತಿ ಇಟ್ಟುಕೊಂಡು, ಹಿಮಾಲಯಕ್ಕೆ ಹೊರಟವಳಂತೆ ಕಾಣುತ್ತಿದ್ದಳು.

“ಕಾಲಾಗ ಅಡ್ಡಾಡಬ್ಯಾಡ್ರಿ. ಚಿನ್ನೂನ್ನ ಕರ್ಕೊಂಡು ಪಡಸಾಲಿಯಾಗ ಕುಂದರ್ರಿ,” ಎಂದಳು ನನ್ನ ಹೆಂಡತಿ. ಎರಡು ಕೂಸುಗಳನ್ನು ಒಂದೇ ಏಟಿಗೆ ಹೊರಗೆ ಹಾಕಿದ ನೆಮ್ಮದಿ ಅವಳ ದನಿಯಲ್ಲಿತ್ತು.

ನಾನು ಹುಬ್ಬಳ್ಳಿಯಿಂದ ತಂದಿದ್ದ ಬೆಕ್ಕಿನ ಪುಸ್ತಕ ತೆರೆದೆ. ಚಿನ್ನು ಅದನ್ನು ಕಸಿದುಕೊಂಡು ಕೊನೆಯ ಪುಟದಿಂದ ಶುರು ಮಾಡಿದಳು. “ಹಂಗಲ್ಲವಾ, ಮೊದಲಿಂದ ನೋಡಬೇಕು,” ಎಂದೆ. “ಯಾಕ?” ಎಂದಳು. ಮೇಷ್ಟ್ರಾಗಿ ನೂರು ಉತ್ತರ ಕೊಡಬಹುದಿತ್ತು, ಒಂದೂ ಹೊಳೆಯಲಿಲ್ಲ. ಯೋಚಿಸಿದರೆ ನಮ್ಮೂರಿನ ಹಳೆಯ ಗುಡಿಯ ಗೋಡೆಯ ಮೇಲಿನ ಶಿಲ್ಪಗಳಿಗೆ ತಾನೆ ಯಾರು ಪುಟಸಂಖ್ಯೆ ಹಾಕಿದ್ದಾರೆ? ಯಾವ ಮೂಲೆಯಲ್ಲಿ ನೆರಳಿದೆಯೋ ಅಲ್ಲಿಂದ ನೋಡುತ್ತೇವೆ. ಹೀಗೆ ನನ್ನ ಸೋಲಿಗೆ ಶಾಸ್ತ್ರಾಧಾರ ಒದಗಿಸಿಕೊಂಡು ನಾನೂ ಕೊನೆಯ ಪುಟಕ್ಕೇ ಬಂದೆ.

ಎರಡು ಪುಟ ತಿರುವಿದ ಮೇಲೆ ಅವಳು ಎಲ್ಲಕ್ಕಿಂತ ಸಣ್ಣ ಮರಿಯ ಮೇಲೆ ಬೆರಳಿಟ್ಟಳು. “ಅಜ್ಜಾ, ಇದು ಯಾವಾಗ ಹೋಗ್ತೈತಿ?”

“ಎಲ್ಲಿಗೆ?”

“ಅದರ ಮನಿಗೆ.”

“ಅದರ ಮನಿ ಇದ ಅಲ್ಲೇನವಾ?”

ಅವಳು ಮುಂದಿನ ಪುಟ ನೋಡಿದಳು. ಮರಿ ಅಲ್ಲೂ ಇತ್ತು, ತಾಯಿಯ ಹೊಟ್ಟೆಗೆ ಅಂಟಿಕೊಂಡು. ಅದರ ಮುಂದಿನದರಲ್ಲೂ ಇತ್ತು. ನಾನು ಸಿಕ್ಕಿದ್ದೇ ಅವಕಾಶವೆಂದು ಬೆಕ್ಕಿನ ಜಾತಿ, ಹುಲಿಗೂ ಅದಕ್ಕೂ ಇರುವ ನಂಟು, ಹುಲಿ ಯಾವ ಯಾವ ಖಂಡದಲ್ಲಿ ಇಲ್ಲ ಎಂಬುದನ್ನೆಲ್ಲ ವಿವರಿಸಿದೆ. ಅವಳು ಪುಸ್ತಕ ಮುಚ್ಚಿಟ್ಟಳು.

ಪಾಠ ಸೋತಲ್ಲಿ ಕರಕುಶಲ ಗೆಲ್ಲಬಹುದೆಂದು ಮರುದಿನ ಕೈಕೆಲಸಕ್ಕೆ ಕೂತೆವು. ಪೇಪರಿನ ರಜಾ ಪುರವಣಿಯಲ್ಲಿ ಮಕ್ಕಳಿಗಾಗಿ ಏನೇನೋ ಮಾಡಲು ಹೇಳಿದ್ದರು. ಅದಕ್ಕೆ ಬೇಕಾದ ಒಂದು ಸಾಮಾನೂ ನಮ್ಮ ಪೇಟೆಯಲ್ಲಿ ಸಿಗುವಂಥದ್ದಲ್ಲ. ಆದರೆ ಜೋಳದ ದಂಟಿಗೆ ನಮ್ಮಲ್ಲಿ ಕೊರತೆಯೇ? ಸಿಪ್ಪೆ ಸುಲಿದು, ಒಳಗಿನ ಮೆತ್ತನೆಯ ಬೆಂಡಿಗೆ ಜಾಲಿಮುಳ್ಳು ಚುಚ್ಚಿ ಆಟದ ಚಕ್ಕಡಿ ಗಾಡಿ ಮಾಡಲು ಹೊರಟೆ. ಬೆರಳನ್ನು ಎರಡು ಕಡೆ ಕುಯ್ದುಕೊಂಡೆ. ಗಾಲಿಗಳು ಭೂಗೋಳದ ಶಾಸ್ತ್ರಕ್ಕೆ ಸರಿಯಾಗಿ ಧ್ರುವಗಳಲ್ಲಿ ಚಪ್ಪಟೆಯಾದವು. ಛಲ ಹುಟ್ಟಿ ಮಧ್ಯಾಹ್ನವಿಡೀ ತಲೆ ಎತ್ತಲಿಲ್ಲ. ಎತ್ತಿದಾಗ ಚಿನ್ನು ಬಾಜೂಕ್ಕೆ ಕೂತು ಬೇರೆಯೇ ಕೆಲಸದಲ್ಲಿದ್ದಳು. ಕೂಸನ್ನು ನೋಡಲು ಬಂದವರು ತಂದಿದ್ದ ಉಡುಗೊರೆಗಳ ಮಿರುಗುವ ಕಾಗದವನ್ನು ಕತ್ತರಿಸಿ, ಅಜ್ಜಿ ಮಾಡಿಕೊಟ್ಟ ಮೈದಾ ಅಂಟು ಹಚ್ಚಿ ಬೆಕ್ಕಿನ ಪುಸ್ತಕಕ್ಕೆ ಅಂಟಿಸುತ್ತಿದ್ದಳು. ಪುಟಪುಟದಲ್ಲೂ ಒಂದೊಂದು ಚೌಕ.

“ಇದೇನವಾ?”

“ಬಾಗಲಾ.”

ಬೆರಳಿನಿಂದ ಎಬ್ಬಿಸಲು ನೋಡಿದೆ. “ತೆಗಿಯಾಕ ಬರವಲ್ದಲ್ಲ?”

“ಕೀಲಿ ಹಾಕೇನಿ.”

ನನಗೆ ರೋಮಾಂಚನವಾಯಿತು. ನಾಲ್ಕು ವರ್ಷದ ಮಗುವಿನಲ್ಲಿ ಇಂಥ ಕಲ್ಪನೆ! ಅಜ್ಜನ ಕಡೆಯಿಂದಲೇ ಬಂದಿರಬೇಕು. ಪುಸ್ತಕ ಹಿಡಿದು, ನಿಷೇಧವನ್ನೂ ಮರೆತು, ಬಾಣಂತಿಯ ಕೋಣೆಗೆ ನುಗ್ಗಿದೆ. “ನೋಡು, ನಿನ್ನ ಮಗಳ ಕರಾಮತಿ!”

ಗಿರಿಜಾ ನಗುತ್ತಲೇ ತೆಗೆದುಕೊಂಡಳು. ಒಂದು ಪುಟ ತಿರುವಿದಳು, ಇನ್ನೊಂದು. ಕೈ ನಿಧಾನವಾಯಿತು. ಎಲ್ಲ ಪುಟಗಳಲ್ಲೂ ಆ ಒಂದೇ ಮರಿ, ತಾಯಿಯ ಮಗ್ಗುಲಿನ ಸಣ್ಣ ಮರಿ, ಕಾಗದದಡಿ ಮಾಯವಾಗಿತ್ತು.

“ಅಪ್ಪಾ, ನಿಮಗ ಖರೇನ ತಿಳೀಲಿಲ್ಲೇನು?”

ಅವಳ ಮಗ್ಗುಲಲ್ಲಿ ಕೂಸು ಮಲಗಿತ್ತು. ಆಗ ತಿಳಿಯಿತು. ಹೆಮ್ಮೆಯಿಂದ ಮೆರೆಸಿಕೊಂಡು ಬಂದದ್ದು ಎಂಥ ಅಳಲನ್ನು ಎಂದು ತಿಳಿದು ನನ್ನ ಕಿವಿ ಬಿಸಿಯಾದವು. ಗಿರಿಜಾಳ ಕಣ್ಣು ತುಂಬಿದ್ದವು. ಕೂಸನ್ನೆತ್ತಿ ನನ್ನ ಕೈಗಿಟ್ಟಳು. “ಹೊರಗ ಕುಂದರ್ರಿ,” ಎಂದು, “ಚಿನ್ನೂ, ಬಾರವಾ ಇಲ್ಲಿ,” ಎಂದು ಕರೆದಳು.

ಬಾಗಿಲ ಹೊರಗಿನಿಂದ ನನಗೆಲ್ಲ ಕೇಳಿಸುತ್ತಿತ್ತು.

“ಈ ಬೆಕ್ಕಿಗೆ ಎಷ್ಟು ಮರಿ ಅದಾವವಾ?”

“ಎರಡು.”

ತಪ್ಪು ಉತ್ತರ ಕೇಳಿದೊಡನೆ ನನ್ನ ಬಾಯಿ ತಾನಾಗಿಯೇ ತೆರೆಯಿತು. ಹಳೆಯ ರೋಗ. ಗಿರಿಜಾ ಮಾತ್ರ, “ಹೌದಾ? ಎರಡ?” ಎಂದಳು. ತಿದ್ದಲಿಲ್ಲ. ಎರಡು ಮರಿಗಳ ಕಥೆಯನ್ನೇ ಓದಿದಳು. ಬಹಳ ದಿನಗಳ ಮೇಲೆ ಚಿನ್ನು ಅಮ್ಮನ ತೊಡೆಯ ಮೇಲೆ ಕೂತು ಗಲಗಲ ಮಾತಾಡುವುದು ಕೇಳಿಸಿತು.

ಇತ್ತ ನನ್ನ ಕೈಯಲ್ಲಿದ್ದದ್ದು ಒದರತೊಡಗಿತು. ತೂಗಿದೆ, ಗುನುಗಿದೆ, ಕಿರುಚಾಟ ಏರಿತೇ ಹೊರತು ಇಳಿಯಲಿಲ್ಲ. ಚಿನ್ನು ಹೊರಬಂದಳು. ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ನೋಡಿದಳು.

“ಹಂಗ ಹಿಡೀಬಾರ್ದು ಅಜ್ಜಾ! ಕುತ್ತಿಗಿ ಕೆಳಗ ಕೈ ಹಾಕು. ಇನ್ನ ಸ್ವಲ್ಪ ಮ್ಯಾಲ. ಹಾಂ.” ನನ್ನ ಬೆರಳುಗಳನ್ನು ಒಂದೊಂದಾಗಿ ಹಿಡಿದು ಜಾಗಕ್ಕೆ ಕೂಡಿಸಿದಳು. ಹೊರಬಂದಿದ್ದ ಪುಟ್ಟ ಪಾದಕ್ಕೆ ಅರಿವೆ ಹೊದಿಸಿದಳು. ಇಷ್ಟು ದಿನ ಈ ಹುಡುಗಿ ಬಾಗಿಲ ಸಂದಿಯಿಂದ ಏನೇನು ನೋಡಿ ಕಲಿತಿದ್ದಳೋ! ಕೂಸು ಬಿಕ್ಕುತ್ತ ಸುಮ್ಮನಾಯಿತು.

“ಇಂವಾ ಸಣ್ಣಾವ, ಇಂವಗ ಏನೂ ತಿಳಿಯಂಗಿಲ್ಲ,” ಎಂದಳು ಚಿನ್ನು. “ನೀ ದೊಡ್ಡಾವ ಅದಿಯಲ್ಲ, ನಿನಗ್ಯಾಕ ತಿಳಿಯಂಗಿಲ್ಲ?”

ಉತ್ತರಕ್ಕೆ ಕಾಯದೆ ಅಮ್ಮನ ಹತ್ತಿರ ಓಡಿದಳು. ಅವಳು ಕೂಡಿಸಿಟ್ಟ ಬೆರಳುಗಳನ್ನು ಹಾಗೆಯೇ ಇಟ್ಟುಕೊಂಡು, ಅಲುಗಾಡದೆ ಕೂತೆ.