ಚಿತ್ರಾನ್ನದಮ್ಮನ ಕರ್ಚೀಫು

ಯಲಹಂಕದ ನಮ್ಮ ಮನೆಯ ಹತ್ತಿರ ಮಾಲ್ ಬಂದಾಗ, ಅದರ ಹಿಂಬಾಗಿಲ ಎದುರಿನ ಹೊಂಗೆಮರದ ಕೆಳಗೆ ಒಬ್ಬ ಚಿತ್ರಾನ್ನದಮ್ಮನೂ ಬಂದರು. ಮಾಲಿನ ಅಂಗಡಿಗಳಲ್ಲಿ ಕೆಲಸ ಮಾಡುವ ಹುಡುಗಿಯರಿಗೆ ಒಳಗಿನ ಊಟ ಕೈಗೆಟುಕದು. ಮಧ್ಯಾಹ್ನ ಅವರೆಲ್ಲ ಈಕೆಯ ಡಬರಿಯ ಸುತ್ತ ನಿಲ್ಲುತ್ತಿದ್ದರು. ಒಳಗೆ ವ್ಯಾಪಾರ ಕುಂದಿದರೆ ಹೊರಗೆ ಚಿತ್ರಾನ್ನ ಉಳಿಯುತ್ತದೆ ಎಂಬ ಅರ್ಥಶಾಸ್ತ್ರ ಈಕೆಗೆ ಯಾರೂ ಹೇಳಿಕೊಡದೆ ಬಂದಿತ್ತು.

ನಾನೋ, ಬಿಸಿಲಿಗೆ ದಿನವೂ ಮಾಲಿನೊಳಗೆ ಹೋಗಿ, ಪುಕ್ಕಟೆ ತಂಪನ್ನು ಸೇವಿಸಿ, ಬರಿಗೈಯಲ್ಲಿ ಹಿಂತಿರುಗುವ ಗಣ್ಯ ಗಿರಾಕಿ. ಹೊರಬಂದೊಡನೆ ಆಕೆ ಬಡಿಸುವ ಕೈ ತಡೆದು, ಐಸಿಯುವಿನಿಂದ ಬಂದವರನ್ನು ಕೇಳುವಂತೆ ಕೇಳುತ್ತಿದ್ದರು: "ಒಳ್ಗೆ ಜನ ಅವ್ರಾ, ಸಾ?"

"ಇದಾರಮ್ಮ," ಎನ್ನುತ್ತಿದ್ದೆ. ಇರುವವರೆಲ್ಲ ನನ್ನಂಥವರೇ ಎನ್ನಲು ಧೈರ್ಯವಾಗುತ್ತಿರಲಿಲ್ಲ.

ಒಂದು ದಿನ ಮೇಲಿನ ಮಹಡಿಯ ಆಟಿಕೆ ಅಂಗಡಿ ಮುಚ್ಚಿತು. ಚಿತ್ರಾನ್ನಕ್ಕೆ ನಾಲ್ವರು ಹುಡುಗಿಯರು ಕಡಿಮೆಯಾದರು. ಮರುದಿನ ಆಕೆ ಡಬರಿ ಮುಚ್ಚಿಟ್ಟು, ಸೆರಗು ಸರಿಮಾಡಿಕೊಂಡು, ಮೊದಲ ಬಾರಿಗೆ ಮಾಲಿನೊಳಗೆ ಬಂದರು. ಓಡುವ ಮೆಟ್ಟಿಲಿಗೆ ಹೆದರಿ, ಕೆಳಗಿನ ಬಟ್ಟೆ ಅಂಗಡಿಯಲ್ಲೇ ಒಂದು ಕರ್ಚೀಫು ಆರಿಸಿದರು.

ಬಿಲ್ ಹಾಕುವವಳು ದಿನವೂ ಅವರಲ್ಲಿ ಉಣ್ಣುವ ಹುಡುಗಿ. "ಆಂಟಿ, ನಿಮಗ್ಯಾಕಿದು? ಸಂತೇಲಿ ಇದೇ ದುಡ್ಡಿಗೆ ಡಜನ್ ಬರುತ್ತೆ," ಎಂದು ಪಿಸುಗುಟ್ಟಿದಳು.

"ಸುಮ್ಕೆ ಬಿಲ್ ಆಕವ್ವ. ನೀನು ಇಲ್ಲಿದ್ರೆ ತಾನೆ ನಾನು ಅಲ್ಲಿರಾದು?"

ಅಲ್ಲೇ ತಂಪಿಗೆ ನಿಂತಿದ್ದ ನಾನೂ ಅವರ ಹಿಂದೆಯೇ ಹೊರಬಂದಾಗ ಆಕೆ ಎಂದಿನ ಪ್ರಶ್ನೆ ಕೇಳಲಿಲ್ಲ. ಕರ್ಚೀಫನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನನ್ನ ಖಾಲಿ ಕೈಗಳನ್ನೇ ನೋಡಿದರು.

"ನೀವೇನೂ ತಗಳ್ನಿಲ್ವಾ, ಸಾ?"

"ಅಯ್ಯೋ, ಸಾಕ್ಸ್ ಮರೆತೇಬಿಟ್ಟೆ ಕಣಮ್ಮ," ಎಂದು ನಾನು ತಿರುಗಿ ಒಳಗೆ ನಡೆದೆ. ಕಾಲಲ್ಲಿದ್ದದ್ದು ಹವಾಯಿ ಚಪ್ಪಲಿ.