ಸೋಮಪ್ಪನ ಯಮಹಾ
ಕೊಟ್ಟೂರಿನ ಲೈನ್‌ಮನ್ ಸೋಮಪ್ಪನ ಲೆಕ್ಕದಲ್ಲಿ ಲೋಕಕ್ಕೆ ಎರಡೇ ಜಾತಿ: ಯಮಹಾ ಇಟ್ಟವರು, ಇನ್ನೂ ಬುದ್ಧಿ ಬಾರದವರು. ಹೊಸ ಗಾಡಿಗಳ ಮೈಲೇಜು ಹೊಗಳಿದವರಿಗೆ ಅವನು, "ಎಣ್ಣಿ ಉಳಿಸಾಕ ಸೈಕಲ್ ಸಾಕಲ್ರಿ, ನಮ್ಮವಗ ಜಪಾನಿನವ ಗುಂಡಿಗಿ ಕೊಟ್ಟಾನ" ಎನ್ನುತ್ತಾನೆ. ಅವನ ಆ ಆರ್‌ಎಕ್ಸ್ ಹಂಡ್ರೆಡ್ ಬೈಕು ಉಜ್ಜಿನಿ ರಸ್ತೆಯ ತಿರುವಿನಲ್ಲಿ ಗುಡುಗಿದರೆ, ಎಸ್‌ಟಿಡಿ ಬೂತಿನ ಪಕ್ಕದ ಮೆಕ್ಯಾನಿಕ್ ಹುಲುಗೇಶ ಕೈಯಲ್ಲಿದ್ದ ಪಾನಾ ಕೆಳಗಿಟ್ಟು, ಪಲ್ಲಕ್ಕಿ ಬಂತೆಂಬಂತೆ ಎದ್ದು ನಿಲ್ಲುತ್ತಾನೆ. ಅಷ್ಟು ಹಳೆಯ ಇಂಜಿನ್ನಿಗೆ ಇಷ್ಟು ಎಳೆಯ ದನಿ ಎಲ್ಲಿಂದ ಬರುತ್ತದೆಂಬುದು ಅವನಿಗೆ ಇವತ್ತಿಗೂ ಬಗೆಹರಿದಿಲ್ಲ. ಅವನಿಗೆ ನಗು ಬರುತ್ತಿದ್ದದ್ದು ಒಂದಕ್ಕೇ: ಗಾಡಿ ಎಲ್ಲಿ ಎಂದು ಕೇಳಿದರೆ ಸೋಮಪ್ಪ "ಐತಿ" ಎನ್ನುವುದಿಲ್ಲ, ಮನುಷ್ಯರಿಗೆ ಅಂದಂತೆ "ನೆರಳಾಗ ಅದಾನ" ಎನ್ನುತ್ತಾನೆ. ಮೊನ್ನೆ ಕ್ಲಚ್ ವೈರು ಹಾಕಲು ಹುಲುಗೇಶ ಅವನ ಮನೆಗೇ ಹೋದ. ಕಿಕ್ ಹೊಡೆದ ಕೂಡಲೇ, ವಯಸ್ಸಾಗಿ ಅರಳುಮರಳಾಗಿದ್ದ ಸೋಮಪ್ಪನ ತಾಯಿ ಕೆಂಚಕ್ಕ ಒಳಗಿನಿಂದ, "ಚೌಡ ಬಂದನೇನು?" ಎಂದಳು. ಚೌಡಣ್ಣ ಆ ಗಾಡಿ ಕೊಂಡಿದ್ದ ಅವಳ ಹಿರಿಯ ಮಗ, ಸೋಮಪ್ಪನ ಅಣ್ಣ. ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಸೋಮಪ್ಪ ಟ್ಯಾಂಕಿನ ಮೇಲೆ ಕೈಯಿಟ್ಟು, "ಇಲ್ಲೇ ಅದಾನವ್ವ" ಎಂದ. ಮರುದಿನ ಅಂಗಡಿಯಲ್ಲಿ ಯಾರೋ, "ಸೋಮಪ್ಪನ ಗಾಡಿ ಹೆಂಗೈತಿ?" ಎಂದು ಕೇಳಿದರು. ಹುಲುಗೇಶ ತಲೆಯೆತ್ತದೆ, "ಆರಾಮ ಅದಾನ" ಎಂದ.